ಹೆಲೆನ್ ಕೆಲ್ಲರ್‌ಗೆ ಕಲಿಸಿದ ಟೀಚರ್



ಹೆಲೆನ್ ಕೆಲ್ಲರ್ ಹೆಸರು ಕೇಳದವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ. ಕಣ್ಣು ಕಾಣದ, ಕಿವಿ ಕೇಳದ ಹುಡುಗಿ ಓದಿ ಪದವಿ ಪಡೆದಳು, ಪುಸ್ತಕ ಬರೆದಳು ಅಂತ ಪ್ರತಿ ವರ್ಷ ಭಾಷಣ ಸ್ಪರ್ಧೆಯಲ್ಲಿ ಒಬ್ಬರಾದರೂ ಹೇಳೇ ಹೇಳ್ತಾರೆ. ಹೋದ ವರ್ಷ ನಾನೇ ಹೇಳಿದ್ದೆ, ಸಮಾಧಾನಕರ ಬಹುಮಾನ ಬಂತು. ಆ ಭಾಷಣದಲ್ಲಿ ಅವಳ ಟೀಚರ್ ಹೆಸರನ್ನು ಒಂದೇ ಒಂದು ಸಾರಿ ಹೇಳಿ ಮುಂದಕ್ಕೆ ಹೋಗಿಬಿಟ್ಟಿದ್ದೆ. ಆಮೇಲೆ ಆ ಟೀಚರ್ ಬಗ್ಗೆ ಓದಿದಾಗ ನನಗೆ ನಾಚಿಕೆ ಆಯ್ತು. ಯಾಕಂದ್ರೆ ಹೆಲೆನ್‌ಗೆ ಕಲಿಸಿದ ಆ ಟೀಚರೇ 14 ವರ್ಷ ಆಗುವ ತನಕ ಒಂದು ಅಕ್ಷರ ಕಲಿತಿರಲಿಲ್ಲ. ತಮ್ಮ ಹೆಸರು ಬರೆಯಲೂ ಬರುತ್ತಿರಲಿಲ್ಲ. ಅವರ ಹೆಸರು ಆನಿ ಸುಲಿವನ್. ಈ ಸಂಚಿಕೆಯಲ್ಲಿ ಅವರ ಕಥೆ ಬರೀತಿದ್ದೀನಿ. ಸ್ವಲ್ಪ ಉದ್ದ ಆಗಿದೆ. ನಿಂತು ಓದೋರಿಗೆ ಕಾಲು ನೋವು ಬಂದರೆ ಅರ್ಧ ಇವತ್ತು ಓದಿ, ಅರ್ಧ ನಾಳೆ ಓದಿ.

ಆನಿ ಹುಟ್ಟಿದ್ದು 1866ನೇ ಇಸವಿ ಏಪ್ರಿಲ್ 14ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫೀಡಿಂಗ್ ಹಿಲ್ಸ್ ಎಂಬ ಹಳ್ಳಿಯಲ್ಲಿ. ಅಪ್ಪ ಅಮ್ಮ ಇಬ್ಬರೂ ಐರ್ಲೆಂಡ್ ದೇಶದಿಂದ ಬಂದವರು. ಅಲ್ಲಿ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ದೊಡ್ಡ ಬರ ಬಂದಿತ್ತು, ಆಮೇಲೆ ಎಷ್ಟೋ ವರ್ಷ ಜನ ಹೊಟ್ಟೆಪಾಡಿಗೆ ಹಡಗು ಹತ್ತಿ ಅಮೆರಿಕಕ್ಕೆ ಹೋಗುತ್ತಲೇ ಇದ್ದರು. ನಮ್ಮ ಕಡೆಯಿಂದ ಕೂಲಿಗೆ ಘಟ್ಟಕ್ಕೆ ಹೋಗ್ತಾರಲ್ಲ, ಹಾಗೆ ಅನ್ನಬಹುದು, ಆದರೆ ಇವರು ಮತ್ತೆ ವಾಪಸ್ಸು ಹೋಗಲಿಲ್ಲ. ಅಪ್ಪನಿಗೆ ಓದು ಬರಹ ಇಲ್ಲ, ಕೂಲಿ ಕೆಲಸ, ಜೊತೆಗೆ ಕುಡಿತ. ಅಮ್ಮನಿಗೆ ಕ್ಷಯ.

ಆನಿಗೆ ಸುಮಾರು 5 ವರ್ಷ ಆದಾಗ ಕಣ್ಣಿಗೆ ಟ್ರಕೋಮಾ ಎಂಬ ರೋಗ ಬಂತು. ಇದು ಸೋಂಕು. ರೆಪ್ಪೆಯ ಒಳಗಡೆ ಸಣ್ಣ ಸಣ್ಣ ಗಂಟು ಎದ್ದು, ಕಣ್ಣಿಗೆ ಮರಳು ಬಿದ್ದ ಹಾಗೆ ಉಜ್ಜುತ್ತಾ ಇರುತ್ತದೆ. ಬಿಟ್ಟರೆ ರೆಪ್ಪೆಯ ಕೂದಲು ಒಳಕ್ಕೆ ತಿರುಗಿ ಕಣ್ಣಿನ ಗೊಂಬೆಯನ್ನೇ ಗೀರಿ ಕುರುಡು ಮಾಡುತ್ತದೆ. ಮುಖ ತೊಳೆಯಲು ಒಳ್ಳೆ ನೀರಿಲ್ಲದ ಕಡೆ, ಒಂದೇ ಟವೆಲ್ಲಿನಲ್ಲಿ ಹತ್ತು ಜನ ಒರೆಸಿಕೊಳ್ಳುವ ಕಡೆ, ನೊಣ ಇರುವ ಕಡೆ ಇದು ಹರಡುತ್ತದೆ. ನಮ್ಮ ದೇಶದಲ್ಲೂ ಹಿಂದೆ ಬಹಳ ಜನರ ಕಣ್ಣು ತೆಗೆದಿತ್ತು. ಭಾರತದಲ್ಲಿ ಇದು ಸಾರ್ವಜನಿಕ ಸಮಸ್ಯೆಯಾಗಿ ಉಳಿದಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡದ್ದು 2024ರಲ್ಲಿ. ಆನಿಯ ಕಾಲದಲ್ಲಿ ಸರಿಯಾದ ಔಷಧಿಯೇ ಇರಲಿಲ್ಲ. ಅವಳಿಗೆ ಎಲ್ಲ ಮಸುಕು ಮಸುಕಾಗಿ ಕಾಣತೊಡಗಿತು.

ಆನಿಗೆ 8 ವರ್ಷ ಆದಾಗ ಅಮ್ಮ ತೀರಿಕೊಂಡರು. ಅಪ್ಪ ಮಕ್ಕಳನ್ನು ನೆಂಟರ ಮನೆಗೆ ಬಿಟ್ಟು ಕೈ ತೊಳೆದುಕೊಂಡ. ನೆಂಟರು ಎಲ್ಲರಿಗಿಂತ ಚಿಕ್ಕ ತಂಗಿಯನ್ನು ಮಾತ್ರ ಇಟ್ಟುಕೊಂಡರು. ಕಣ್ಣು ಸರಿಯಿಲ್ಲದ ಆನಿ, ಸೊಂಟದ ಕ್ಷಯದಿಂದ ಊರುಗೋಲು ಹಿಡಿದು ನಡೆಯುತ್ತಿದ್ದ ತಮ್ಮ ಜಿಮ್ಮಿ, ಇವರಿಬ್ಬರು ಯಾರಿಗೂ ಬೇಡವಾದರು. 1876ರ ಫೆಬ್ರುವರಿಯಲ್ಲಿ ಇಬ್ಬರನ್ನೂ ಟ್ಯೂಕ್ಸ್‌ಬರಿ ಎಂಬಲ್ಲಿದ್ದ ಸರ್ಕಾರಿ ಅನಾಥಾಲಯಕ್ಕೆ ಸೇರಿಸಿದರು. ಅನಾಥಾಲಯ ಅಂದರೆ ಮಕ್ಕಳದ್ದು ಮಾತ್ರ ಅಂದುಕೊಳ್ಳಬೇಡಿ. ದಿಕ್ಕಿಲ್ಲದ ಮುದುಕರು, ಬುದ್ಧಿ ಭ್ರಮಣೆ ಆದವರು, ರೋಗಿಗಳು ಎಲ್ಲರನ್ನೂ ಅಲ್ಲೇ ತುಂಬಿದ್ದರು. ಇಲಿಗಳ ಕಾಟ ಬೇರೆ. ಹೋಗಿ ನಾಲ್ಕು ತಿಂಗಳು ತುಂಬುವ ಮೊದಲೇ ಜಿಮ್ಮಿ ಸತ್ತುಹೋದ. ಆನಿಗೆ ಇದ್ದ ಒಂದೇ ಒಂದು ಜೀವ ಅದು. ಅವನ ವಿಚಾರವನ್ನು ಅವಳು ಎಷ್ಟೋ ವರ್ಷ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ, ಹೆಲೆನ್ ಹತ್ತಿರ ಕೂಡ.

ಕಣ್ಣಿಗೆ ಆಪರೇಷನ್ ಮಾಡಿದರು, ಫಲ ಸಿಗಲಿಲ್ಲ. ಕುರುಡು ಮಕ್ಕಳಿಗೂ ಶಾಲೆ ಇರುತ್ತದೆ ಅಂತ ಅಲ್ಲಿದ್ದ ಯಾರೋ ಅವಳಿಗೆ ಹೇಳಿದರು. ಅಷ್ಟೇ ಸಾಕಾಯಿತು. ಶಾಲೆಗೆ ಹೋಗಬೇಕು ಅನ್ನೋದು ಹುಚ್ಚಿನ ಹಾಗೆ ಹಿಡಿಯಿತು. 1880ರಲ್ಲಿ ಸರ್ಕಾರದ ಕಡೆಯಿಂದ ಫ್ರಾಂಕ್ ಸ್ಯಾನ್‌ಬಾರ್ನ್ ಎಂಬ ದೊಡ್ಡ ಅಧಿಕಾರಿಯ ತಂಡ ತನಿಖೆಗೆ ಬಂತು. ಆ ತಂಡದಲ್ಲಿ ಯಾರು ಸ್ಯಾನ್‌ಬಾರ್ನ್ ಅಂತ ಆನಿಗೆ ಕಣ್ಣಿಗೆ ಕಾಣಬೇಕಲ್ಲ? ಅವರು ಹೋದ ಹೋದ ವಾರ್ಡಿಗೆಲ್ಲ ಹಿಂದೆ ಹಿಂದೆ ಸುತ್ತಿ, ಇನ್ನೇನು ಗೇಟು ದಾಟಿ ಹೋಗೇಬಿಡ್ತಾರೆ ಅನ್ನುವಾಗ ಗುಂಪಿನ ನಡುವೆ ನುಗ್ಗಿ, ನನ್ನನ್ನು ಶಾಲೆಗೆ ಕಳಿಸಿ ಅಂತ ಕೂಗಿಕೊಂಡಳು. ಆ ಕೂಗು ಕೆಲಸ ಮಾಡಿತು. 1880ರ ಅಕ್ಟೋಬರ್ 7ರಂದು ಅವಳನ್ನು ಬಾಸ್ಟನ್ ನಗರದ ಪರ್ಕಿನ್ಸ್ ಅಂಧರ ಶಾಲೆಗೆ ಸೇರಿಸಿದರು.

ಇಲ್ಲಿ ಸುಖ ಶುರುವಾಯ್ತು ಅಂದುಕೊಂಡರೆ ತಪ್ಪು. 14 ವರ್ಷದ ಹುಡುಗಿಯನ್ನು ಪುಟ್ಟ ಮಕ್ಕಳ ಜೊತೆ ಕೂರಿಸಿದರು. ಬೇರೆ ಹುಡುಗಿಯರು ಅನುಕೂಲಸ್ಥರ ಮನೆಯವರು. ಇವಳಿಗೆ ಒಂದು ಬಾಚಣಿಗೆ ಇಲ್ಲ, ರಾತ್ರಿ ತೊಡಲು ಬಟ್ಟೆ ಇಲ್ಲ, ಹುಟ್ಟಿದ ದಿನ ಯಾವುದು ಅಂತ ಗೊತ್ತಿಲ್ಲ, ಹೆಸರಿನ ಸ್ಪೆಲ್ಲಿಂಗ್ ಕೇಳಿದರೆ ಬಾಯಿ ಇಲ್ಲ. ಎಲ್ಲರೂ ನಕ್ಕರು. ಕೆಲವು ಶಿಕ್ಷಕರಿಗೂ ಇವಳ ಮೇಲೆ ತಾಳ್ಮೆ ಇರಲಿಲ್ಲ. ಆನಿ ಕೂಡ ಕಡಿಮೆ ಇರಲಿಲ್ಲ. ನಕ್ಕವರಿಗೆ ಎದುರು ಉತ್ತರ ಕೊಡೋದು, ಟೀಚರ್ ಮೇಲೇ ಸಿಡುಕೋದು, ನಿಯಮ ಮುರಿಯೋದು. ಒಂದೆರಡು ಸಾರಿ ಶಾಲೆಯಿಂದ ಹೊರಗೇ ಹಾಕುವ ಮಾತು ಬಂದಿತ್ತು.

ಇಲ್ಲಿ ನಾನು ಒಂದು ಸಣ್ಣ ಮಾತು ಬರೀಬೇಕು. ಎಂಟನೇ ಕ್ಲಾಸಿನಲ್ಲಿ ನಮ್ಮ ಜೊತೆ ಒಬ್ಬ ಹುಡುಗಿ ನಡುವೆ ಬಂದು ಸೇರಿದಳು. ಅವರಪ್ಪ ಅಮ್ಮ ಊರೂರು ಕೂಲಿಗೆ ಹೋಗೋರು, ಅವಳು ಎರಡು ವರ್ಷ ಶಾಲೆ ಕಂಡಿರಲಿಲ್ಲ. ಕನ್ನಡ ಪಾಠ ಓದು ಅಂದಾಗ ಅವಳು ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡೋಳು. ನಾವೆಲ್ಲ ನಗ್ತಿದ್ದೆವು. ನಾನು ಜೋರಾಗೇ ನಗ್ತಿದ್ದೆ. ದಸರಾ ರಜೆ ಮುಗಿದ ಮೇಲೆ ಅವಳು ಬರಲೇ ಇಲ್ಲ. ನಮ್ಮ ಮೇಡಂ ಅವರ ಗುಡಿಸಲಿಗೆ ಮೂರು ಸಾರಿ ಹೋಗಿ ಕರೆದುಕೊಂಡು ಬಂದರು. ಆಮೇಲೆ ದಿನಾ ಪ್ರಾರ್ಥನೆಗೆ ಮುಂಚೆ ಸ್ಟಾಫ್ ರೂಮಿನ ಬಾಗಿಲ ಹತ್ತಿರ ಕೂರಿಸಿಕೊಂಡು, ಯಾರಿಗೂ ಕೇಳದ ಹಾಗೆ ಓದಿಸ್ತಿದ್ದರು. ಈ ಲೇಖನದ ಮೇಲೆ ಸ್ಕೆಚ್ ಪೆನ್ನಿನಲ್ಲಿ ಬರೆದಿರುವ ತಲೆಬರಹ ನೋಡಿದಿರಲ್ಲ, ಅದು ಅವಳ ಕೈಬರಹ. ನನ್ನ ಅಕ್ಷರ ಯಾವಾಗಲೂ ಕೋಳಿ ಕಾಲು.

ಸರಿ, ಆನಿ ಕಥೆಗೆ ಬರೋಣ. ಪರ್ಕಿನ್ಸ್ ಶಾಲೆಯಲ್ಲಿ ಎಲ್ಲರೂ ನಗಲಿಲ್ಲ. ಮೇರಿ ಮೂರ್ ಅಂತ ಇಂಗ್ಲಿಷ್ ಟೀಚರ್ ಇದ್ದರು. ಈ ಹುಡುಗಿಯ ಸಿಟ್ಟಿನ ಒಳಗೆ ಬುದ್ಧಿ ಇದೆ ಅಂತ ಅವರು ಕಂಡುಕೊಂಡರು. ತಪ್ಪು ಸ್ಪೆಲ್ಲಿಂಗ್‌ಗೆ ಗೇಲಿ ಮಾಡದೆ ತಾಳ್ಮೆಯಿಂದ ತಿದ್ದಿದರು. ಅವರ ಪಾಠದಿಂದ ಆನಿಗೆ ಸಾಹಿತ್ಯದ ರುಚಿ ಹತ್ತಿತು. ಹುಡುಗಿಯರ ವಸತಿ ನೋಡಿಕೊಳ್ಳುತ್ತಿದ್ದ ಸೋಫಿಯಾ ಹಾಪ್‌ಕಿನ್ಸ್ ಎಂಬ ಅಮ್ಮ ಅವಳನ್ನು ಮಗಳ ಹಾಗೆ ನೋಡಿಕೊಂಡರು. ರಜೆ ಬಂದಾಗ ಎಲ್ಲ ಮಕ್ಕಳೂ ಊರಿಗೆ ಹೋಗ್ತಾರೆ, ಇವಳಿಗೆ ಯಾವ ಊರು? ಹಾಪ್‌ಕಿನ್ಸ್ ಅಮ್ಮ ಸಮುದ್ರದ ದಂಡೆಯ ಕೇಪ್ ಕಾಡ್‌ನಲ್ಲಿದ್ದ ತಮ್ಮ ಮನೆಗೇ ಕರೆದುಕೊಂಡು ಹೋಗೋರು. ಮುಖ್ಯಸ್ಥ ಮೈಕೇಲ್ ಅನಾಗ್ನೋಸ್ ಅವರಂತೂ ಎಷ್ಟು ತರಲೆ ಮಾಡಿದರೂ ಕೊನೆಗೆ ಉಳಿಸಿಕೊಂಡರು. 1881ರಲ್ಲಿ ಮತ್ತು ಮರುವರ್ಷ ಮತ್ತೆ ಕಣ್ಣಿಗೆ ಆಪರೇಷನ್ ಆಯಿತು. ಈ ಸಾರಿ ಸ್ವಲ್ಪ ದೃಷ್ಟಿ ಬಂತು, ಅಚ್ಚಿನ ಪುಸ್ತಕವನ್ನು ಕಣ್ಣಿನಿಂದಲೇ ಓದುವಷ್ಟು.

ಅದೇ ಶಾಲೆಯಲ್ಲಿ ಲಾರಾ ಬ್ರಿಜ್‌ಮನ್ ಎಂಬ ಮಹಿಳೆ ಇದ್ದರು. 1829ರಲ್ಲಿ ಹುಟ್ಟಿದ ಇವರಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಹೆಲೆನ್‌ಗಿಂತ 50 ವರ್ಷ ಮುಂಚೆಯೇ ಅಂಥ ಮಗುವಿಗೆ ಭಾಷೆ ಕಲಿಸಬಹುದು ಅಂತ ಆ ಶಾಲೆಯ ಡಾಕ್ಟರ್ ಸ್ಯಾಮ್ಯುಯೆಲ್ ಹೋವ್ ಇವರ ಮೂಲಕ ತೋರಿಸಿದ್ದರು. ಲಾರಾ ಜೊತೆ ಮಾತಾಡಬೇಕಾದರೆ ಬೆರಳು ಲಿಪಿ ಬೇಕು. ಅದು ಹೇಗೆ ಅಂದ್ರೆ, ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೇ ಕೈಯಿಂದ ಒಂದೊಂದು ಆಕಾರ. ಮುಷ್ಟಿ ಹಿಡಿದು ಹೆಬ್ಬೆರಳು ಪಕ್ಕಕ್ಕಿಟ್ಟರೆ ಎ. ನಾಲ್ಕು ಬೆರಳು ನೆಟ್ಟಗೆ ನಿಲ್ಲಿಸಿ ಹೆಬ್ಬೆರಳು ಅಂಗೈಗೆ ಮಡಚಿದರೆ ಬಿ. ಕೈಯನ್ನು ಅರ್ಧಚಂದ್ರದ ಹಾಗೆ ಬಾಗಿಸಿದರೆ ಸಿ. ಕಣ್ಣಿಲ್ಲದವರು ಆ ಕೈಯನ್ನು ಮುಟ್ಟಿ ಮುಟ್ಟಿ ಓದಿಕೊಳ್ಳುತ್ತಾರೆ. ಆನಿ ಇದನ್ನು ಕಲಿತು ಲಾರಾ ಜೊತೆ ಹರಟೆ ಹೊಡೆಯುತ್ತಿದ್ದಳು. ಮುಂದೆ ಇದೇ ಅವಳ ಅನ್ನ ಆಗುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ.

1886ರ ಜೂನ್‌ನಲ್ಲಿ ಆನಿ ತರಗತಿಗೇ ಮೊದಲಿಗಳಾಗಿ ಪಾಸಾದಳು. ಬೀಳ್ಕೊಡುಗೆ ಭಾಷಣ ಮಾಡಿದವಳೂ ಅವಳೇ. ಆರು ವರ್ಷದ ಹಿಂದೆ ಹೆಸರು ಬರೆಯಲು ಬಾರದಿದ್ದ ಹುಡುಗಿ!

ಪಾಸಾದ ಮೇಲೆ ಮುಂದೇನು? ಮನೆ ಇಲ್ಲ, ದುಡ್ಡಿಲ್ಲ. ಅದೇ ಸಮಯಕ್ಕೆ ದಕ್ಷಿಣದ ಅಲಬಾಮಾ ರಾಜ್ಯದ ಟಸ್ಕಂಬಿಯಾ ಊರಿನಿಂದ ಕ್ಯಾಪ್ಟನ್ ಆರ್ಥರ್ ಕೆಲ್ಲರ್ ಎಂಬುವರ ಕಾಗದ ಅನಾಗ್ನೋಸ್ ಅವರಿಗೆ ಬಂತು. ಅವರ ಮಗಳು ಹೆಲೆನ್ 1880ರ ಜೂನ್ 27ರಂದು ಹುಟ್ಟಿದಾಗ ಎಲ್ಲ ಮಕ್ಕಳ ಹಾಗೇ ಇದ್ದಳು. 19 ತಿಂಗಳಿನಲ್ಲಿ ಬಂದ ಒಂದು ಜ್ವರ ಕಣ್ಣು ಕಿವಿ ಎರಡನ್ನೂ ತೆಗೆದುಕೊಂಡು ಹೋಯಿತು. ತಾಯಿ ಕೇಟ್, ಚಾರ್ಲ್ಸ್ ಡಿಕನ್ಸ್ ಬರೆದ ಪ್ರವಾಸದ ಪುಸ್ತಕದಲ್ಲಿ ಲಾರಾ ಬ್ರಿಜ್‌ಮನ್ ವಿಚಾರ ಓದಿದ್ದರಿಂದ ಆಸೆ ಬಿಟ್ಟಿರಲಿಲ್ಲ. ಡಾಕ್ಟರನ್ನು ಹುಡುಕಿಕೊಂಡು ಹೋಗಿ, ಅವರ ಮಾತಿನಂತೆ ಟೆಲಿಫೋನ್ ಕಂಡುಹಿಡಿದ ಗ್ರಹಾಂ ಬೆಲ್ ಅವರನ್ನು ಕಂಡು, ಬೆಲ್ ಹೇಳಿದ ಮೇಲೆ ಪರ್ಕಿನ್ಸ್ ಶಾಲೆಗೆ ಬರೆದಿದ್ದರು. ಅನಾಗ್ನೋಸ್ ಆರಿಸಿದ್ದು ಆನಿಯನ್ನು. ಸಂಬಳ ತಿಂಗಳಿಗೆ 25 ಡಾಲರ್. ಹೊರಡುವ ಮುಂಚೆ ಆನಿ ಕೆಲವು ತಿಂಗಳು ಕೂತು ಡಾಕ್ಟರ್ ಹೋವ್ ಬರೆದಿಟ್ಟಿದ್ದ ವರದಿಗಳನ್ನೆಲ್ಲ ಆ ನೋಯುವ ಕಣ್ಣಿನಲ್ಲೇ ಓದಿದಳು. ಶಾಲೆಯ ಕುರುಡು ಮಕ್ಕಳು ಹೆಲೆನ್‌ಗೆ ಅಂತ ಒಂದು ಗೊಂಬೆ ಕಳಿಸಿದರು. ಅದಕ್ಕೆ ಬಟ್ಟೆ ಹೊಲಿದವರು ಲಾರಾ.

1887ರ ಮಾರ್ಚ್ 3ರಂದು ಆನಿ ಟಸ್ಕಂಬಿಯಾಕ್ಕೆ ಬಂದಿಳಿದರು. ಇನ್ನು ಮೇಲೆ ಅವರು ಅಂತ ಬರೀತೀನಿ, ಟೀಚರ್ ಆದರಲ್ಲ. ವಯಸ್ಸು ಇನ್ನೂ 21 ತುಂಬಿರಲಿಲ್ಲ.

ಹೆಲೆನ್‌ಗೆ ಆಗ ಆರೂಮುಕ್ಕಾಲು ವರ್ಷ. ತಲೆ ಚುರುಕು, ಆದರೆ ಮಾತಿಲ್ಲ. ಬ್ರೆಡ್ಡು ಬೇಕಾದರೆ ಕೊಯ್ಯುವ ಹಾಗೆ ಕೈ ಮಾಡೋದು, ಹೀಗೆ ತಾನೇ ಕಟ್ಟಿಕೊಂಡ ಸನ್ನೆ ಸುಮಾರು 60 ಇದ್ದವು. ಹೇಳಬೇಕಾದದ್ದು ಇನ್ನೂ ಬಹಳ ಇತ್ತು, ದಾರಿ ಇರಲಿಲ್ಲ. ಅದಕ್ಕೇ ರೋಷ. ತಾಯಿಯನ್ನು ಒಮ್ಮೆ ಉಗ್ರಾಣದಲ್ಲಿ ಕೂಡಿ ಹಾಕಿದ್ದಳು. ಪುಟ್ಟ ತಂಗಿ ಮಲಗಿದ್ದ ತೊಟ್ಟಿಲನ್ನೇ ಉರುಳಿಸಿದ್ದಳು, ತಾಯಿ ಹಿಡಿದುಕೊಂಡಿದ್ದಕ್ಕೆ ಮಗು ಉಳೀತು. ಪಾಪ ಕಣ್ಣಿಲ್ಲದ ಮಗು ಅಂತ ಮನೆಯವರು ಏನು ಮಾಡಿದರೂ ಬಿಡುತ್ತಿದ್ದರು. ಹೊಸ ಟೀಚರನ್ನೂ ಅವಳು ಕೋಣೆಯಲ್ಲಿ ಕೂಡಿ ಬೀಗ ಹಾಕಿ ಕೀಲಿ ಬಚ್ಚಿಟ್ಟಳು. ಅಪ್ಪ ಏಣಿ ಹಾಕಿ ಕಿಟಕಿಯಿಂದ ಇಳಿಸಬೇಕಾಯಿತು. ಒಂದು ದಿನ ಹೊಡೆದ ಏಟಿಗೆ ಆನಿ ಅವರ ಹಲ್ಲೇ ಮುರೀತು.

ಊಟದ ಮೇಜಿನಲ್ಲಿ ಹೆಲೆನ್ ಸುತ್ತಲೂ ತಿರುಗುತ್ತಾ ಎಲ್ಲರ ತಟ್ಟೆಗೂ ಕೈ ಹಾಕಿ ಬೇಕಾದ್ದು ಕಿತ್ತುಕೊಳ್ಳೋಳು. ಒಂದು ಬೆಳಿಗ್ಗೆ ಆನಿ ತಮ್ಮ ತಟ್ಟೆ ಮುಟ್ಟಲು ಬಿಡಲಿಲ್ಲ. ಮನೆಯವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗೆ ಕುಸ್ತಿ. ಅವಳು ನೆಲದ ಮೇಲೆ ಬಿದ್ದು ಒದ್ದಾಡಿದಳು, ಚಿವುಟಿದಳು, ಚಮಚ ಎಸೆದಳು. ಚಿವುಟಿದಾಗೆಲ್ಲ ಆನಿ ಏಟು ಕೊಟ್ಟರು. ಇದನ್ನು ಬಿಟ್ಟು ಬರೆಯಬಹುದಿತ್ತು, ಆದರೆ ಅದು ಸುಳ್ಳು ಬರೆದ ಹಾಗೆ. ಮಕ್ಕಳನ್ನು ಹೊಡೆಯಬಾರದು ಅಂತ ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ನನಗೆ ಅನ್ನಿಸೋದು ಏನಂದ್ರೆ, ಆವತ್ತು ಹೆಲೆನ್ ಗೆದ್ದಿದ್ದೂ ಅಲ್ಲ ಸೋತಿದ್ದೂ ಅಲ್ಲ, ಚಮಚದಲ್ಲಿ ತಿಂದು ನ್ಯಾಪ್‌ಕಿನ್ ಮಡಚಿಟ್ಟು ಹೊರಗೆ ಹೋದಳು ಅಷ್ಟೇ. ಆನಿ ಅವರು ಕೋಣೆಗೆ ಹೋಗಿ ಹಾಸಿಗೆ ಮೇಲೆ ಬಿದ್ದು ಅತ್ತರು. ಏಟಿನಿಂದ ಅವಳಿಗೆ ಒಂದು ಅಕ್ಷರವೂ ಬರಲಿಲ್ಲ. ಅಕ್ಷರ ಬಂದದ್ದು ಬೇರೆ ರೀತಿಯಲ್ಲಿ.

ಮನೆಯವರು ಪಕ್ಕದಲ್ಲಿ ಇರುವ ತನಕ ಹೆಲೆನ್ ತನ್ನ ಮಾತು ಕೇಳೋಲ್ಲ ಅಂತ ಆನಿ ಅವರಿಗೆ ಗೊತ್ತಾಯಿತು. ತೋಟದ ಆಚೆ ಇದ್ದ ಒಂದು ಪುಟ್ಟ ಮನೆಯಲ್ಲಿ ತಾವಿಬ್ಬರೇ ಇರ್ತೀವಿ ಅಂತ ಕೇಳಿಕೊಂಡರು. ಅಪ್ಪ ಅಮ್ಮ ಎರಡು ವಾರಕ್ಕೆ ಒಪ್ಪಿದರು. ಎಲ್ಲಿದ್ದೀನಿ ಅಂತ ಹೆಲೆನ್‌ಗೆ ತಿಳಿಯಬಾರದು ಅಂತ ಗಾಡಿಯಲ್ಲಿ ಸುತ್ತಾಡಿಸಿ ಕರೆತಂದರು. ಮೊದಲೆರಡು ದಿನ ರಂಪ. ಆಮೇಲೆ ಆ ಮಗು ತಾನಾಗಿ ಹತ್ತಿರ ಬಂತು. ಹೊಲಿಗೆ, ಮಣಿ ಪೋಣಿಸೋದು, ಕೋಳಿಮರಿ ಹಿಡಿಯೋದು, ಎಲ್ಲದರ ನಡುವೆಯೂ ಟೀಚರ್ ಅವಳ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಬರೆಯುತ್ತಲೇ ಇದ್ದರು. ಗೊಂಬೆ ಕೊಟ್ಟು ಡಿ, ಓ, ಎಲ್, ಎಲ್. ಕೇಕ್ ಕೊಟ್ಟು ಸಿ, ಎ, ಕೆ, ಇ. ಹೆಲೆನ್ ಅದನ್ನು ಹಾಗೇ ವಾಪಸ್ಸು ಮಾಡಿ ತೋರಿಸೋಳು. ತಮಾಷೆ ಅಂದ್ರೆ ಒಂದು ದಿನ ಮನೆಯ ನಾಯಿಯ ಪಂಜ ಹಿಡಿದು ಅದಕ್ಕೂ ಡಿ, ಓ, ಎಲ್, ಎಲ್ ಕಲಿಸೋಕೆ ಕೂತಿದ್ದಳು! ಅವಳಿಗೆ ಅದು ಒಂದು ಬೆರಳಾಟ. ವಸ್ತುವಿಗೆ ಹೆಸರು ಅನ್ನೋದು ಇರುತ್ತೆ ಅಂತ ಇನ್ನೂ ಹೊಳೆದಿರಲಿಲ್ಲ.

ಒಂದು ತಿಂಗಳು ಹೀಗೇ ಹೋಯಿತು. ಲೋಟ ಯಾವುದು, ಲೋಟದೊಳಗಿನ ನೀರು ಯಾವುದು ಅನ್ನೋದರಲ್ಲಿ ಹೆಲೆನ್‌ಗೆ ಗಲಿಬಿಲಿ. 1887ರ ಏಪ್ರಿಲ್ 5ರಂದು ಎಷ್ಟು ಹೇಳಿಕೊಟ್ಟರೂ ಆಗದೆ ರೇಗಿ ಹೊಸ ಗೊಂಬೆಯನ್ನು ನೆಲಕ್ಕೆ ಅಪ್ಪಳಿಸಿ ಚೂರು ಮಾಡಿದಳು. ಆನಿ ಬಯ್ಯಲಿಲ್ಲ. ಚೂರುಗಳನ್ನು ಗುಡಿಸಿ ಒಂದು ಕಡೆಗೆ ತಳ್ಳಿ, ಟೋಪಿ ಹಾಕಿ, ಅವಳನ್ನು ಅಂಗಳದ ಪಂಪಿನ ಹತ್ತಿರ ಕರೆದುಕೊಂಡು ಹೋದರು. ನಮ್ಮ ಬೋರಿಂಗ್ ಹಾಗೇ ಹಿಡಿ ಒತ್ತುವ ಪಂಪು ಅದು. ಯಾರೋ ನೀರು ಹೊಡೆಯುತ್ತಿದ್ದರು. ಹೆಲೆನ್‌ಳ ಒಂದು ಕೈಯನ್ನು ತಣ್ಣನೆ ನೀರಿನ ಕೆಳಗೆ ಹಿಡಿದು, ಇನ್ನೊಂದು ಕೈಯಲ್ಲಿ ಡಬ್ಲ್ಯು, ಎ, ಟಿ, ಇ, ಆರ್ ಅಂತ ಮೊದಲು ನಿಧಾನವಾಗಿ, ಆಮೇಲೆ ಬೇಗ ಬೇಗ ಬರೆದರು. ಹೆಲೆನ್ ಕಲ್ಲಿನ ಹಾಗೆ ನಿಂತುಬಿಟ್ಟಳು. ಮುಖದ ಕಳೆಯೇ ಬದಲಾಯಿತು. ಜ್ವರ ಬರುವ ಮುಂಚೆ ಎಳೆ ಮಗುವಾಗಿದ್ದಾಗ ನೀರಿಗೆ ಅವಳು ಏನೋ ತೊದಲು ಮಾತು ಆಡುತ್ತಿದ್ದಳಂತೆ. ಅದು ಎಲ್ಲೋ ಒಳಗೆ ಉಳಿದಿತ್ತೋ ಏನೋ. ಕೈ ಮೇಲೆ ಹರಿಯುತ್ತಿರೋದಕ್ಕೂ ಈ ಬೆರಳಾಟಕ್ಕೂ ಸಂಬಂಧ ಇದೆ ಅಂತ ಆ ಕ್ಷಣ ತಿಳೀತು. ಬಗ್ಗಿ ನೆಲ ಮುಟ್ಟಿ ಇದರ ಹೆಸರೇನು ಅಂತ ಕೇಳಿದಳು, ಪಂಪು ಮುಟ್ಟಿ ಕೇಳಿದಳು, ಆಮೇಲೆ ತಿರುಗಿ ಆನಿ ಅವರನ್ನೇ ಮುಟ್ಟಿ ಕೇಳಿದಳು. ಆನಿ ಟೀಚರ್ ಅಂತ ಬರೆದರು. ಆವತ್ತಿನಿಂದ ಸಾಯುವ ತನಕ ಹೆಲೆನ್ ಅವರನ್ನು ಕರೆದಿದ್ದು ಆ ಹೆಸರಿನಿಂದಲೇ.

ರಾತ್ರಿ ಆಗುವ ಹೊತ್ತಿಗೆ 30 ಪದ ಬಂದಿದ್ದವು. ನನಗೆ ಇದಕ್ಕಿಂತ ಹೆಚ್ಚು ಇಷ್ಟವಾದ ಸಂಗತಿ ಇನ್ನೊಂದಿದೆ. ಪಂಪಿನಿಂದ ಮನೆಗೆ ಬಂದ ಮೇಲೆ ಅವಳಿಗೆ ಒಡೆದ ಗೊಂಬೆ ನೆನಪಾಯಿತು. ತಡಕಾಡಿ ಚೂರುಗಳನ್ನು ಎತ್ತಿಕೊಂಡು ಜೋಡಿಸಲು ನೋಡಿದಳು, ಆಗಲಿಲ್ಲ, ಅತ್ತಳು. ಅಲ್ಲಿಯ ತನಕ ಏನು ಒಡೆದರೂ ಅವಳಿಗೆ ದುಃಖ ಅಂತ ಆಗಿರಲಿಲ್ಲ. ಆ ರಾತ್ರಿ ಮೊದಲನೇ ಸಾರಿ ತಾನಾಗಿ ಬಂದು ಟೀಚರಿಗೆ ಮುತ್ತು ಕೊಟ್ಟಳು.

ಇದಾದ ಮೇಲೆ ಆನಿ ಒಂದು ಧೈರ್ಯದ ಕೆಲಸ ಮಾಡಿದರು. ಇಷ್ಟು ಗಂಟೆಗೆ ಈ ಪಾಠ ಅನ್ನುವ ವೇಳಾಪಟ್ಟಿ ಬಿಟ್ಟುಬಿಟ್ಟರು. ಮನೆಯಲ್ಲಿ ಹೆಲೆನ್‌ಳ ನೆಂಟರ 15 ತಿಂಗಳ ಮಗು ಇತ್ತು. ಅದಕ್ಕೆ ಮೂಗೆಲ್ಲಿ ಬಾಯೆಲ್ಲಿ ಅಂದರೆ ತೋರಿಸುತ್ತೆ, ಆದರೆ ಇನ್ನೂ ಮಾತಾಡೋಲ್ಲ. ಅಂದರೆ ಮಗು ಮಾತಾಡುವ ಮೊದಲೇ ನೂರಾರು ಸಾರಿ ಕೇಳಿಸಿಕೊಂಡು ಅರ್ಥ ಮಾಡಿಕೊಂಡಿರುತ್ತದೆ. ಹಾಗಾದರೆ ನಾನೂ ಹೆಲೆನ್‌ಳ ಕೈಗೆ ಪೂರ್ತಿ ವಾಕ್ಯಗಳಲ್ಲೇ ಮಾತಾಡ್ತಾ ಹೋಗ್ತೀನಿ, ಅವಳಿಗೆ ಬಂದಾಗ ಬರಲಿ ಅಂತ ನಿರ್ಧಾರ ಮಾಡಿದರು. ಬೆಳಿಗ್ಗೆಯಿಂದ ರಾತ್ರಿ ತನಕ ಅಂಗೈಯಲ್ಲಿ ಮಾತೇ ಮಾತು. ಜೂನ್ ಮುಗಿಯುವ ಹೊತ್ತಿಗೆ ಸುಮಾರು 400 ಪದ ಆಗಿತ್ತು.

ಭೂಗೋಳ ಪಾಠಕ್ಕೆ ಟೆನೆಸ್ಸೀ ನದಿಯ ದಂಡೆಗೆ ನಡೆದುಕೊಂಡು ಹೋಗೋರು. ಅಲ್ಲಿ ಕಲ್ಲು ಜೋಡಿಸಿ ಅಣೆಕಟ್ಟು, ಮಣ್ಣಿನಲ್ಲಿ ದ್ವೀಪ, ಕೆರೆ ಮಾಡಿ ಆಡೋರು. ಆಟ ಅಂದುಕೊಂಡೇ ಕಲಿತುಬಿಟ್ಟಳು. ಜೇಡಿಮಣ್ಣಿನಲ್ಲಿ ಬೆಟ್ಟ ಕಣಿವೆ ಎಬ್ಬಿಸಿದ ನಕಾಶೆ ಮಾಡಿ ಬೆರಳಿನಿಂದ ಮುಟ್ಟಿಸಿದರು. ಕಪ್ಪೆಮರಿಗಳನ್ನು ಗಾಜಿನ ಬುರುಡೆಯಲ್ಲಿ ಸಾಕಿ ಅವು ಬೆಳೆಯೋದನ್ನು ಕೈಯಿಂದ ಮುಟ್ಟಿ ತಿಳಿಯುವ ಹಾಗೆ ಮಾಡಿದರು. ಕೈಗೆ ಸಿಗದ ವಿಷಯಗಳೇ ಕಷ್ಟ. ಒಮ್ಮೆ ಮಣಿ ಪೋಣಿಸುವಾಗ ಎರಡು ದೊಡ್ಡದು ಮೂರು ಚಿಕ್ಕದು ಅನ್ನುವ ಸಾಲು ತಪ್ಪಿ ಹೆಲೆನ್ ತಡಬಡಾಯಿಸುತ್ತಿದ್ದಳು. ಆನಿ ಅವಳ ಹಣೆ ಮುಟ್ಟಿ ಯೋಚಿಸು ಅನ್ನುವ ಪದ ಬರೆದರು. ತಲೆಯೊಳಗೆ ಈಗ ನಡೀತಿರೋದಕ್ಕೇ ಆ ಹೆಸರು ಅಂತ ಅವಳಿಗೆ ತಟ್ಟನೆ ಹೊಳೀತು. ಲೆಕ್ಕ ಮಾತ್ರ ಹೆಲೆನ್‌ಗೆ ಇಷ್ಟ ಇರಲಿಲ್ಲವಂತೆ. ನಮ್ಮ ಗಣಿತದ ಮೇಷ್ಟ್ರು ಇದನ್ನು ಓದಿ ಬೇಜಾರು ಮಾಡ್ಕೋಬಾರದು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡ್ತೀನಿ. 1888ರಲ್ಲಿ ಇಬ್ಬರೂ ಪರ್ಕಿನ್ಸ್ ಶಾಲೆಗೆ ಬಂದರು. 1890ರಲ್ಲಿ ಹೆಲೆನ್ ಸಾರಾ ಫುಲ್ಲರ್ ಎಂಬ ಟೀಚರ ಹತ್ತಿರ ಬಾಯಿಂದ ಮಾತಾಡುವ ಪಾಠ ಶುರು ಮಾಡಿದಳು. ಎಲ್ಲ ಕಡೆ ಹೆಸರಾಯಿತು. ಹೆಸರಾದ ಮೇಲೆ ಪೆಟ್ಟೂ ಬಿತ್ತು. 11 ವರ್ಷದ ಹೆಲೆನ್ ಹಿಮದ ರಾಜನ ಬಗ್ಗೆ ಒಂದು ಕಥೆ ಬರೆದು ಅನಾಗ್ನೋಸ್ ಅವರಿಗೆ ಹುಟ್ಟುಹಬ್ಬದ ಕಾಣಿಕೆ ಕಳಿಸಿದಳು. 1892ರಲ್ಲಿ ಅದು ಅಚ್ಚಾದ ಮೇಲೆ ನೋಡಿದರೆ, ಮಾರ್ಗರೆಟ್ ಕ್ಯಾನ್ಬಿ ಎಂಬ ಲೇಖಕಿಯ ಹಳೇ ಕಥೆಯ ಹಾಗೇ ಇದೆ! ಎಂದೋ ಒಂದು ರಜೆಯಲ್ಲಿ ಯಾರೋ ಅವಳ ಕೈಗೆ ಆ ಕಥೆ ಓದಿ ಹೇಳಿದ್ದರು. ಹೇಳಿದ್ದು ಮರೆತು ಕಥೆ ಮಾತ್ರ ಉಳಿದುಕೊಂಡು ತನ್ನದೇ ಅನ್ನಿಸಿತ್ತು. ಶಾಲೆಯ ಎಂಟು ಜನ ಕೂತು ವಿಚಾರಣೆ ಮಾಡಿದರು. ಆನಿ ಅವರನ್ನು ಹೊರಗೆ ಕಳಿಸಿ ಮಗುವನ್ನು ಒಂಟಿಯಾಗಿ ನಿಲ್ಲಿಸಿ ಪ್ರಶ್ನೆ ಕೇಳಿದರು. ನಾಲ್ಕು ಜನ ಒಂದು ಕಡೆ, ನಾಲ್ಕು ಜನ ಇನ್ನೊಂದು ಕಡೆ ಆಗಿ, ಅನಾಗ್ನೋಸ್ ಆಗ ಹೆಲೆನ್ ಪರ ನಿಂತರು, ಆಮೇಲೆ ಅವರ ಮನಸ್ಸೂ ತಿರುಗಿತು. ಕಥೆ ಕಳೆದುಕೊಂಡ ಕ್ಯಾನ್ಬಿ ಮಾತ್ರ ಹುಡುಗಿಯ ಮೇಲೆ ಒಂದಿಷ್ಟೂ ಕೋಪ ಮಾಡಿಕೊಳ್ಳಲಿಲ್ಲ. ಆದರೂ ಹೆಲೆನ್‌ಗೆ ಬರೆಯಲು ಕೂತರೆ ಇದು ನನ್ನದೋ ಬೇರೆಯವರದೋ ಅನ್ನುವ ಭಯ ಬಹಳ ಕಾಲ ಕಾಡಿತು. ಪಕ್ಕದಲ್ಲಿ ಕೂತು ಮತ್ತೆ ಬರೆಯುವ ಹಾಗೆ ಮಾಡಿದವರು ಆನಿ.

ಕಾಲೇಜಿಗೆ ತಯಾರಿ ಮಾಡುತ್ತಿದ್ದ ಕೇಂಬ್ರಿಜ್ ಶಾಲೆಯಲ್ಲಿ 1897ರಲ್ಲಿ ಇನ್ನೊಂದು ಗಂಡಾಂತರ. ಟೀಚರ್ ಹುಡುಗಿಗೆ ಹೆಚ್ಚು ಓದಿಸಿ ಆರೋಗ್ಯ ಕೆಡಿಸ್ತಿದ್ದಾರೆ ಅಂತ ಅಲ್ಲಿನ ಮುಖ್ಯಸ್ಥರು ಇಬ್ಬರನ್ನೂ ಬೇರೆ ಮಾಡಲು ಹೊರಟರು. ಹೆಲೆನ್ ಒಪ್ಪಲಿಲ್ಲ, ತಾಯಿ ಬಂದು ನೋಡಿ ಅವರೂ ಒಪ್ಪಲಿಲ್ಲ. ಆ ಶಾಲೆಯನ್ನೇ ಬಿಟ್ಟರು.

1900ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಳು. ಪ್ರೊಫೆಸರು ಪಾಠ ಮಾಡ್ತಾ ಹೋಗೋದು, ಆನಿ ಪಕ್ಕದಲ್ಲಿ ಕೂತು ಅಷ್ಟನ್ನೂ ಅಂಗೈಗೆ ಬರೆಯೋದು. ಎಷ್ಟೋ ಪುಸ್ತಕಗಳು ಬ್ರೈಲ್‌ನಲ್ಲಿ ಇರಲಿಲ್ಲ. ಅವನ್ನೂ ಆನಿಯೇ ದಿನಕ್ಕೆ ಗಂಟೆಗಟ್ಟಲೆ ಓದಿ ಓದಿ ಕೈಗೆ ಬರೆದರು. ಯಾವ ಕಣ್ಣಿನಲ್ಲಿ? ಹಲವು ಸಾರಿ ಆಪರೇಷನ್ ಆದ, ಡಾಕ್ಟರು ಆಯಾಸ ಮಾಡಬೇಡಿ ಅಂದಿದ್ದ ಕಣ್ಣಿನಲ್ಲಿ. ಈ ಭಾಗ ಓದುವಾಗ ನನಗೆ ಸ್ವಲ್ಪ ಕೋಪ ಬಂತು. ಹೆಲೆನ್ ಮೇಲಲ್ಲ, ಯಾರ ಮೇಲೆ ಅಂತ ಗೊತ್ತಿಲ್ಲ. 1904ರಲ್ಲಿ ಹೆಲೆನ್ ಬಿ.ಎ. ಪದವಿ ಪಡೆದಳು, ಕಣ್ಣು ಕಿವಿ ಎರಡೂ ಇಲ್ಲದವರಲ್ಲಿ ಪ್ರಪಂಚಕ್ಕೇ ಮೊದಲು. ನಾಲ್ಕು ವರ್ಷ ಅದೇ ತರಗತಿಯಲ್ಲಿ ಕೂತು ಒಂದೊಂದು ಪಾಠವನ್ನೂ ಕೇಳಿದ್ದ ಆನಿಗೆ ಏನೂ ಸಿಗಲಿಲ್ಲ. ಅವರು ಹೆಸರು ನೋಂದಾಯಿಸಿದ ವಿದ್ಯಾರ್ಥಿನಿ ಅಲ್ಲವಲ್ಲ. 1932ರಲ್ಲಿ ಟೆಂಪಲ್ ವಿಶ್ವವಿದ್ಯಾಲಯ ಅವರಿಗೂ ಗೌರವ ಪದವಿ ಕೊಟ್ಟಿತು. ಅದನ್ನೂ ಮೊದಲು ಬೇಡ ಅಂದಿದ್ದರು.

1905ರಲ್ಲಿ ಆನಿ ಜಾನ್ ಮೇಸಿ ಎಂಬುವರನ್ನು ಮದುವೆಯಾದರು. ಹೆಲೆನ್‌ಳ ಆತ್ಮಕಥೆ 1903ರಲ್ಲಿ ಪುಸ್ತಕವಾಗಿ ಬಂದಾಗ ಅದನ್ನು ತಿದ್ದಿ ಜೋಡಿಸಿದವರು ಅವರೇ. ಮೂವರೂ ಒಂದೇ ಮನೆಯಲ್ಲಿದ್ದರು. ಮದುವೆ ಬಹಳ ಕಾಲ ನಿಲ್ಲಲಿಲ್ಲ, 1914ರ ಹೊತ್ತಿಗೆ ಬೇರೆಯಾದರು. ದುಡ್ಡಿನ ಕಷ್ಟ ಬಂದಾಗ ಇಬ್ಬರೂ ಊರೂರು ತಿರುಗಿ ಭಾಷಣ ಮಾಡಿದರು, ನಾಟಕ ಕಂಪನಿಗಳ ರಂಗದ ಮೇಲೂ ನಿಂತು ಜನರಿಗೆ ತಮ್ಮ ಕಥೆ ಹೇಳಿದರು. 1924ರಿಂದ ಅಂಧರ ಸಂಸ್ಥೆಯ ಪರವಾಗಿ ಹಣ ಕೂಡಿಸಲು ಓಡಾಡಿದರು.

ಕೊನೆ ಕೊನೆಗೆ ಆನಿಯ ಕಣ್ಣು ಪೂರ್ತಿ ಹೋಯಿತು. ಓದಿ ಹೇಳುತ್ತಿದ್ದವರಿಗೆ ಈಗ ಓದಲು ಆಗದು. ಆಗ ಹೆಲೆನ್ ಮುಂದೆ ಕೂತು, ಮರೆತಿದ್ದ ಬ್ರೈಲ್ ಅನ್ನು ಟೀಚರಿಗೆ ಮತ್ತೆ ಅಭ್ಯಾಸ ಮಾಡಿಸಿದಳು. 1936ರ ಅಕ್ಟೋಬರ್ 20ರಂದು ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್ ಮನೆಯಲ್ಲಿ ಆನಿ ತೀರಿಕೊಂಡರು. ಆಗ ಅವರಿಗೆ 70 ವರ್ಷ. ಅವರ ಕೈ ಹೆಲೆನ್‌ಳ ಕೈಯಲ್ಲಿತ್ತು. ಚಿತಾಭಸ್ಮವನ್ನು ವಾಷಿಂಗ್ಟನ್‌ನ ರಾಷ್ಟ್ರೀಯ ಕೆಥೀಡ್ರಲ್‌ನಲ್ಲಿ ಇಟ್ಟರು.

ಹೆಲೆನ್ ಆಮೇಲೂ 32 ವರ್ಷ ಬದುಕಿದ್ದರು, 1955ರಲ್ಲಿ ನಮ್ಮ ಭಾರತಕ್ಕೂ ಬಂದು ಪಂಡಿತ್ ನೆಹರೂ ಅವರನ್ನು ಕಂಡು ಹೋದರು. ಟೀಚರ್ ಬಗ್ಗೆ ಒಂದು ಪುಸ್ತಕ ಬರೆಯಬೇಕು ಅಂತ ಅವರಿಗೆ ಬಹಳ ಆಸೆ. ವರ್ಷಗಟ್ಟಲೆ ಕೂತು ಹೆಚ್ಚು ಕಡಿಮೆ ಮುಗಿಸಿದ್ದರು. 1946ರಲ್ಲಿ ಅವರು ಯುರೋಪಿಗೆ ಹೋಗಿದ್ದಾಗ ಮನೆಗೆ ಬೆಂಕಿ ಬಿದ್ದು ಕೈಬರಹದ ಪ್ರತಿಯೆಲ್ಲ ಸುಟ್ಟುಹೋಯಿತು. ಟೀಚರ್ ಬರೆದ ಕಾಗದಗಳು, ಇಟ್ಟುಕೊಂಡಿದ್ದ ಟಿಪ್ಪಣಿಗಳು ಎಲ್ಲವೂ ಬೂದಿ. ಆಗ ಅವರಿಗೆ 66 ವರ್ಷ. ಮತ್ತೆ ಮೊದಲಿನಿಂದ ಶುರು ಮಾಡಿ, ನೆನಪಿನಿಂದಲೇ ಬರೆದು, 1955ರಲ್ಲಿ ಪ್ರಕಟಿಸಿದರು. ಪುಸ್ತಕದ ಹೆಸರು ಟೀಚರ್. 1968ರ ಜೂನ್ 1ರಂದು ಹೆಲೆನ್ ತೀರಿಕೊಂಡಾಗ ಅವರ ಚಿತಾಭಸ್ಮವನ್ನು ತಂದು ಆನಿಯ ಪಕ್ಕದಲ್ಲೇ ಇಟ್ಟರು.